ನೆಲ ನೋಡಿ ದುಡ್ಡು ಕೊಡು, ಮಗಳೇ

ದಾವಣಗೆರೆ

ಪ್ರೀತಿಯ ಮಗಳೇ,

ಇಲ್ಲಿ ಸೈಟು ಕೊಳ್ಳಬೇಕು ಅಂತ ನೀನು ಕಳಿಸಿದ ಹೊಸ ಬಡಾವಣೆಯ ಬ್ರೋಶರ್ ನೋಡಿದೆ. ನಿಮ್ಮಪ್ಪನೂ ಕನ್ನಡಕ ಹಾಕಿಕೊಂಡು ಪುಟ ಪುಟವೂ ನೋಡಿದರು. ಫೋನಿನಲ್ಲಿ ಹೇಳಲು ಹೋದರೆ ಅರ್ಧ ಮಾತು ಮರೆತುಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಓದು, ಅಳಿಯಂದಿರಿಗೂ ಕೊಡು.

ಬೆಂಗಳೂರು ಬಿಟ್ಟು ಊರಿಗೆ ಬಂದು ಮನೆ ಕಟ್ಟುತ್ತೇವೆ ಅಂದೆಯಲ್ಲ, ಅದನ್ನು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಆ ಖುಷಿಯಲ್ಲೇ "ತಗೊಂಡುಬಿಡು" ಅನ್ನಬಹುದಿತ್ತು. ಆದರೆ ಇದು ನೀವಿಬ್ಬರೂ ವರ್ಷಗಟ್ಟಲೆ ದುಡಿದು ಕೂಡಿಟ್ಟ ಹಣ. ತಿಂಗಳ ಕೊನೆಯೊಳಗೆ ಅರ್ಧ ಹಣ ಕಟ್ಟಿದರೆ ಪ್ರೀ-ಲಾಂಚ್ ದರ, ಅಂದರೆ ಮಾರಾಟ ಶುರುವಾಗುವ ಮುಂಚಿನ ದರ, ಆಮೇಲೆ ರೇಟು ಏರುತ್ತೆ ಅಂತ ಬಡಾವಣೆಯವರು ಹೇಳಿದ್ದಾರೆ ಅಂದೆ. ಅದಕ್ಕೆ ನನ್ನ ಉತ್ತರ: "ಬೇಡ". ಆ ಬಡಾವಣೆಯೇ ಬೇಡ ಅಂತಲ್ಲ. ಈಗ ಬೇಡ, ಹೀಗೆ ಬೇಡ.

ಹೊಸ ಬಡಾವಣೆಯಲ್ಲಿ ನಿನಗೆ ಇಷ್ಟವಾದದ್ದೆಲ್ಲ ನನಗೂ ಇಷ್ಟವೇ. ಅಗಲವಾದ ರಸ್ತೆ, ಗಾಳಿ ಬೆಳಕು, ಮಕ್ಕಳು ಸೈಕಲ್ ತುಳಿಯಲು ಜಾಗ, ಕಾರು ನಿಲ್ಲಿಸಲು ಪಕ್ಕದವರ ಜೊತೆ ಜಗಳ ಇಲ್ಲ. ಅಡುಗೆಮನೆ ಎಲ್ಲಿರಬೇಕು, ದೇವರ ಮನೆ ಎಲ್ಲಿರಬೇಕು ಅಂತ ನೀನೇ ತೀರ್ಮಾನ ಮಾಡಬಹುದು. ವಿನೋಬನಗರದಲ್ಲೋ ಕೆ.ಟಿ.ಜೆ. ನಗರದಲ್ಲೋ ಹಳೆ ಮನೆ ತಗೊಂಡರೆ ಇದೆಲ್ಲ ಸಿಗುವುದಿಲ್ಲ. ಅಲ್ಲಿ ಗೋಡೆಗೆ ಗೋಡೆ ಅಂಟಿರುತ್ತೆ. ವೈರಿಂಗು, ಪೈಪು ಎಲ್ಲ ಹೊಸದಾಗಿ ಮಾಡಿಸಬೇಕು. ಎಂ.ಸಿ.ಸಿ. ಬ್ಲಾಕ್ ಕಡೆ ಹೋದರೆ ನೆಲದ ಬೆಲೆ ಕೇಳಿಯೇ ವಾಪಸ್ ಬರಬೇಕು. ಊರು ಶಾಮನೂರು, ಬಾತಿ, ಆವರಗೆರೆ ಕಡೆಗೆಲ್ಲ ಬೆಳೆಯುತ್ತಿರುವುದು ಸುಮ್ನೆ ಅಲ್ಲ. ನಿನ್ನ ವಯಸ್ಸಿನವರಿಗೆ ಕೈಗೆಟುಕುವ ಜಾಗ ಇರುವುದು ಅಲ್ಲೇ.

ಆದರೆ ಆ ಜಾಗಗಳಲ್ಲಿ ಎಷ್ಟೋ ಕಡೆ ಮೊನ್ನೆಮೊನ್ನೆಯವರೆಗೆ ಭತ್ತದ ಗದ್ದೆ ಇತ್ತು. ಇದನ್ನು ನಿನಗೆ ಬ್ರೋಶರ್ ಹೇಳುವುದಿಲ್ಲ.

ನಮ್ಮ ಸುತ್ತಮುತ್ತಲಿನ ನೆಲಕ್ಕೆ ಲಕ್ಕವಳ್ಳಿಯ ಭದ್ರಾ ಡ್ಯಾಮಿನಿಂದ ನಾಲೆಯಲ್ಲಿ ನೀರು ಬರುತ್ತೆ. ನಾಲೆಗೆ ನೀರು ಬಿಟ್ಟಾಗ ಅಚ್ಚುಕಟ್ಟಿನ ತಗ್ಗು ಜಮೀನುಗಳಲ್ಲಿ ನೆಲದೊಳಗಿನ ನೀರು ಮೇಲಕ್ಕೆ ಏರುತ್ತೆ. ಗದ್ದೆಗೆ ಅದು ಒಳ್ಳೆಯದು. ಮನೆಗೆ ಅಲ್ಲ. ಪಾಯ ಯಾವಾಗಲೂ ಹಸಿಯಾಗಿರುತ್ತೆ, ಗೋಡೆಯ ಬುಡದಲ್ಲಿ ಬಣ್ಣ ಉದುರುತ್ತೆ, ಸಂಪು ಸರಿಯಾಗಿ ಕಟ್ಟದಿದ್ದರೆ ಹೊರಗಿನ ನೀರು ಒಳಗೆ ಜಿನುಗುತ್ತೆ. ನೀನು ಸೈಟು ನೋಡಿದ್ದು ನಾಲೆ ಒಣಗಿದ್ದಾಗ. ಆಗ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತೆ. ನಾಲೆಯಲ್ಲಿ ನೀರು ಹರಿಯುವಾಗ ಒಮ್ಮೆ ನೋಡಬೇಕು. ಜೋರು ಮಳೆ ಬಂದ ಮಾರನೇ ದಿನವೂ ನೋಡಬೇಕು. ಎಲ್ಲಿ ನೀರು ನಿಂತಿದೆ, ಎಲ್ಲಿಂದ ಹರಿದು ಬಂದಿದೆ, ಬಡಾವಣೆಯ ಚರಂಡಿ ಕೊನೆಗೆ ಯಾವ ಹಳ್ಳಕ್ಕೆ ಸೇರುತ್ತೆ, ಇದನ್ನೆಲ್ಲ ಕಣ್ಣಿಂದಲೇ ನೋಡಬೇಕು. ಚರಂಡಿ ಪಕ್ಕದ ಹೊಲದ ಬದುವಿನಲ್ಲೇ ನಿಂತುಹೋಗಿದ್ದರೆ ಆ ನೀರೆಲ್ಲ ಬಡಾವಣೆಯೊಳಗೇ ನಿಲ್ಲುತ್ತೆ.

ಇನ್ನು ಎರೆಮಣ್ಣು. ನಿನ್ನ ಸೋದರಮಾವ ಬ್ರೋಶರಿನ ಮ್ಯಾಪ್ ನೋಡಿದ ತಕ್ಷಣ ಅಂದ ಮೊದಲ ಮಾತು ಅದೇ: "ಅಕ್ಕ, ಅದು ಪೂರ್ತಿ ಎರೆ ನೆಲ. ಮೇಲೆ ಗ್ರಾವೆಲ್ ಹೊಡೆಸಿ ಕೆಂಪಗೆ ಮಾಡಿರ್ತಾರೆ." ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತೆ, ಮಳೆಗಾಲದಲ್ಲಿ ಉಬ್ಬುತ್ತೆ. ವರ್ಷ ವರ್ಷ ಹೀಗೆ ಆದರೆ ಮಾಮೂಲಿ ಕಲ್ಲಿನ ಪಾಯದ ಮೇಲಿನ ಗೋಡೆ ಕಿಟಕಿಯ ಮೂಲೆಯಿಂದ ಸೀಳುತ್ತೆ. ಹಾಗಂತ ಎರೆ ನೆಲದಲ್ಲಿ ಮನೆ ಕಟ್ಟಲೇಬಾರದು ಅಂತ ಏನೂ ಇಲ್ಲ. ದಾವಣಗೆರೆಯಲ್ಲಿ ಎಷ್ಟೋ ಜನ ಕಟ್ಟಿಕೊಂಡು ಚೆನ್ನಾಗಿದ್ದಾರೆ. ಗಟ್ಟಿ ನೆಲ ಸಿಗುವವರೆಗೆ ಗುಂಡಿ ಇಳಿಸಬೇಕು, ಪಿಲ್ಲರ್ ಹಾಕಬೇಕು, ಪಾಯದ ಮೇಲೆ ಕಾಂಕ್ರೀಟಿನ ಪ್ಲಿಂತ್ ಬೀಮ್ ಕಟ್ಟಬೇಕು. ಅದಕ್ಕೆ ಖರ್ಚು ಜಾಸ್ತಿ ಆಗುತ್ತೆ, ಅಷ್ಟೇ. ಆ ಖರ್ಚು ಸೈಟಿನ ರೇಟಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಚೌಕಾಸಿಗೆ ಮುಂಚೆಯೇ ಒಬ್ಬ ಇಂಜಿನಿಯರನ್ನು ಕರೆದುಕೊಂಡು ಹೋಗಿ ಒಂದು ಗುಂಡಿ ತೋಡಿಸಿ ನೋಡಬೇಕು. ಗುಂಡಿ ತೋಡಲು ಬಿಡುವುದಿಲ್ಲ ಅಂದರೆ ಅವರಿಗೆ ಕೈಮುಗಿದು ಬಂದುಬಿಡು.

ಕುಡಿಯುವ ನೀರಿನ ಮಾತೂ ಇದೆ. ನಮ್ಮ ಊರಿಗೆ ನೀರು ಬರುವುದು ರಾಜನಹಳ್ಳಿಯ ಹತ್ತಿರ ತುಂಗಭದ್ರೆಯಿಂದ. ಜೊತೆಗೆ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ. ಆ ಕೆರೆಗಳು ತುಂಬುವುದೂ ಭದ್ರಾ ನಾಲೆಯಿಂದಲೇ. ಊರೊಳಗೇ ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾಯುವುದು ನೀನು ಚಿಕ್ಕವಳಿದ್ದಾಗಿನಿಂದ ನೋಡಿದ್ದೀಯ. ಊರ ಹೊರಗಿನ ಬಡಾವಣೆಗೆ ಆ ಪೈಪು ಯಾವಾಗ ಬರುತ್ತೋ ಯಾರಿಗೆ ಗೊತ್ತು? ಅಲ್ಲಿಯವರೆಗೆ ಬೋರ್‌ವೆಲ್ಲೇ ಗತಿ. ಬ್ರೋಶರ್‌ನಲ್ಲಿ "24 ಗಂಟೆ ನೀರು" ಅಂತ ಬರೆದಿದ್ದಾರೆ. ಯಾವ ನೀರು, ಎಲ್ಲಿಂದ, ಓವರ್‌ಹೆಡ್ ಟ್ಯಾಂಕು ಕಟ್ಟಿ ಆಗಿದೆಯಾ, ಮೋಟಾರಿನ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ, ಇಷ್ಟನ್ನೂ ಬರವಣಿಗೆಯಲ್ಲಿ ಕೇಳು. ಬಡಾವಣೆಯನ್ನು ಪಾಲಿಕೆಗೋ ಪಂಚಾಯ್ತಿಗೋ ವಹಿಸಿಕೊಡುವವರೆಗೆ ಬೀದಿ ದೀಪ, ಕಸ, ನೀರು ಎಲ್ಲ ಬಡಾವಣೆ ಮಾಡಿದವರ ಕೈಯಲ್ಲೇ ಇರುತ್ತೆ. ಸೈಟೆಲ್ಲ ಮಾರಿ ಮುಗಿದ ಮೇಲೆ ಅವರ ಆಸಕ್ತಿಯೂ ಮುಗಿದರೆ ನೀವು ಇತ್ತ ಪಾಲಿಕೆಯವರೂ ಅಲ್ಲ, ಅತ್ತ ಅವರಿಗೂ ಬೇಡ ಅನ್ನುವ ಹಾಗೆ ಆಗುತ್ತೆ.

ಈಗ ಕಾಗದ ಪತ್ರ. ತಾಲ್ಲೂಕು ಕಚೇರಿಯಲ್ಲಿ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ) ನೋಡುತ್ತಲೇ ಅರ್ಧ ಆಯಸ್ಸು ಕಳೆದವಳು ನಾನು. ಇದರಲ್ಲಿ ನನ್ನ ಮಾತು ಕೇಳಲೇಬೇಕು.

ಪ್ರೀ-ಲಾಂಚ್ ಅನ್ನುವುದೇ ಸರಿಯಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು ನೋಂದಾಯಿಸುವ ಮೊದಲು ಜಾಹೀರಾತು ಕೊಡುವ ಹಾಗಿಲ್ಲ, ಬುಕಿಂಗ್ ಹಣ ತಗೊಳ್ಳುವ ಹಾಗಿಲ್ಲ. ನೋಂದಾಯಿಸಿದ ಮೇಲೂ, ಕರಾರು ಪತ್ರ ನೋಂದಣಿ ಆಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ನಿನ್ನ ಹತ್ತಿರ ಅವರು ಕೇಳಿರುವುದು ಅರ್ಧ ಹಣ! ಕೊಂಡವರಿಂದ ಬಂದ ಹಣದಲ್ಲಿ ಶೇ. 70 ಭಾಗವನ್ನು ಬೇರೆ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಬಳಸಬೇಕು ಅಂತಲೂ ಕಾಯ್ದೆ ಹೇಳುತ್ತೆ. ಇದೆಲ್ಲ ನಿನ್ನಂಥವರ ದುಡ್ಡು ಕಾಯಲೆಂದೇ ಮಾಡಿದ್ದು. ಅದನ್ನು ದಾಟಿ ಹೋಗಿ ನೀನೇ ಅರ್ಧ ಹಣ ಕೊಟ್ಟುಬಿಟ್ಟರೆ ಕಾಯ್ದೆ ಇದ್ದೂ ಏನು ಪ್ರಯೋಜನ? ಮೊದಲು ರೇರಾ ನಂಬರ್ ಕೇಳು. ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಹಾಕಿ ನೋಡು. ಅವರು ಅಲ್ಲಿ ಕೊಟ್ಟಿರುವ ನಕ್ಷೆ ಮತ್ತು ನಿನ್ನ ಕೈಯಲ್ಲಿರುವ ಬ್ರೋಶರಿನ ನಕ್ಷೆ ಎರಡೂ ಒಂದೇನಾ ಅಂತ ಪಕ್ಕಪಕ್ಕ ಇಟ್ಟು ನೋಡು. ಪಾರ್ಕು ಮತ್ತು ಸಿ.ಎ. ಸೈಟು, ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ, ಎಲ್ಲಿದೆ ಅಂತ ವಿಶೇಷವಾಗಿ ನೋಡು.

ಜಮೀನು ಅಲಿನೇಷನ್ ಆಗಿರಬೇಕು, ಅಂದರೆ ಕೃಷಿ ಜಮೀನು ವಸತಿಗೆ ಅಂತ ಪರಿವರ್ತನೆ ಆಗಿರಬೇಕು. ಬಡಾವಣೆಯ ನಕ್ಷೆಗೆ ದೂಡಾದ, ಅಂದರೆ ನಮ್ಮ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅನುಮೋದನೆ ಇರಬೇಕು. ನಿನ್ನ ಸೈಟಿನ ನಂಬರ್ ಬಿಡುಗಡೆ ಆದೇಶದಲ್ಲಿ ಇರಬೇಕು. ಇದು ಮುಖ್ಯ. ನಕ್ಷೆಗೆ ಒಪ್ಪಿಗೆ ಸಿಕ್ಕಿದ ಮಾತ್ರಕ್ಕೆ ಎಲ್ಲ ಸೈಟೂ ಮಾರಲು ಬರುವುದಿಲ್ಲ, ಕೆಲಸ ಆದ ಹಾಗೆ ಹಂತ ಹಂತವಾಗಿ ಬಿಡುಗಡೆ ಮಾಡುತ್ತಾರೆ. ಆಮೇಲೆ ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿ ಕೊಡುವ ಆಸ್ತಿಯ ಖಾತೆ. ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಕೇಳು. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ, ಹಾಗಾಗಿ ಪೇಪರ್ ಎಲ್ಲ ಕ್ಲಿಯರ್ ಅಂತ ಅವರು ಹೇಳಿದರೆ ಅದನ್ನು ನಂಬಿ ಕೂರಬೇಡ. ನಮ್ಮದೇ ವಕೀಲರಿಗೆ ಮೂಲಪತ್ರದಿಂದ ಹಿಡಿದು ತೋರಿಸೋಣ.

ಮೂಲಪತ್ರದಲ್ಲಿ ನಾನು ಮೊದಲು ನೋಡುವುದು ಏನು ಗೊತ್ತಾ? ಜಮೀನು ಮಾರಿದ ಮನೆಯ ಹೆಣ್ಣುಮಕ್ಕಳು ಸಹಿ ಹಾಕಿದ್ದಾರಾ ಅಂತ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ತಿದ್ದುಪಡಿ ಬಂತು. ಆಗ ಅದು ಮದುವೆಯಾಗದ ಹೆಣ್ಣುಮಕ್ಕಳಿಗಷ್ಟೇ ಇತ್ತು. 2005ರಲ್ಲಿ ದೇಶಕ್ಕೆಲ್ಲ ಬಂತು, ಮದುವೆಯಾದವರಿಗೂ ಸಿಕ್ಕಿತು. ಅಪ್ಪ 2005ರಲ್ಲಿ ಬದುಕಿದ್ದರೂ ಇರದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರೇ ಕೂತು ಮಾರಿಬಿಡುತ್ತಾರೆ. "ಅಕ್ಕಂದಿರು ಕೇಳಲ್ಲ ಬಿಡಿ" ಅನ್ನುತ್ತಾರೆ. ನಾನು ಕಚೇರಿಯಲ್ಲಿ ಈ ಮಾತು ಕೇಳುತ್ತಲೇ ಇದ್ದೆ, ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು. ಮುಂದೆ ಯಾವತ್ತೋ ಆ ಅಕ್ಕನೋ ಅವಳ ಮಕ್ಕಳೋ ಕೋರ್ಟಿಗೆ ಹೋದರೆ ನೋಟಿಸ್ ಬರುವುದು ಸೈಟು ಕೊಂಡ ನಿನಗೆ. ಆಗ ನಿನಗೆ ಸಿಟ್ಟು ಬರಬಹುದು. ನ್ಯಾಯ ಮಾತ್ರ ಅವಳ ಕಡೆಗೇ ಇರುತ್ತೆ. ಹೆಣ್ಣುಮಗಳ ಸಹಿ ಇಲ್ಲದ ಜಮೀನಿನ ಮೇಲೆ ನನ್ನ ಮಗಳು ಮನೆ ಕಟ್ಟುವುದು ನನಗೆ ಬೇಡ.

ಹಾಗೇ, ಅದು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತಾ ಅಂತಲೂ ನೋಡಬೇಕು. 1978ರ ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ. ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯನ್ನೂ ತಂದಿದ್ದಾರೆ.

ಹಣದ ಲೆಕ್ಕ ನಿನಗೇ ಚೆನ್ನಾಗಿ ಬರುತ್ತೆ. ಒಂದೆರಡು ಮಾತ್ರ ಹೇಳುತ್ತೇನೆ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ನೋಂದಣಿ ಶುಲ್ಕ ಸೇರಿ ಸುಮಾರು ಶೇ. 7.6 ಆಗುತ್ತೆ. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿದರಲ್ಲ, ಅದು ಸೇರಿ. 40 ಲಕ್ಷದ ಸೈಟಾದರೆ ಅದಕ್ಕೇ ಮೂರು ಲಕ್ಷಕ್ಕಿಂತ ಜಾಸ್ತಿ ಬೇಕು. ಪೂರ್ತಿ ಬೆಲೆಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಉಳಿದದ್ದು ಕೈಯಿಂದ ಹೋಗಬೇಕು. ಆಮೇಲೆ ಮನೆ ಕಟ್ಟುವವರೆಗೆ ಅಲ್ಲಿ ಬಾಡಿಗೆ, ಇಲ್ಲಿ ಕಂತು. ಬರೀ ಸೈಟಿನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಸಿಗುವುದಿಲ್ಲ. ಅಂದರೆ ಸೈಟು ಕೊಂಡು ಐದಾರು ವರ್ಷ ಸುಮ್ನೆ ಬಿಡುವುದಾದರೆ ಈಗಲೇ ಕೊಳ್ಳುವ ಅವಸರವೇ ಇಲ್ಲ.

ನನಗೆ ಇನ್ನೊಂದು ಚಿಂತೆ. ಹೊಸ ಬಡಾವಣೆಯಲ್ಲಿ ಸೈಟು ಕೊಳ್ಳುವವರಲ್ಲಿ ಬಹಳ ಜನ ಮನೆ ಕಟ್ಟುವುದಿಲ್ಲ. ರೇಟು ಏರಲಿ ಅಂತ ಕಾಯುತ್ತಾರೆ. ನೀನು ಮೊದಲು ಮನೆ ಕಟ್ಟಿದರೆ ಸುತ್ತ ಬರೀ ಖಾಲಿ ಸೈಟು, ಗಿಡಗಂಟಿ, ಹಾವು. ಅಳಿಯಂದಿರು ಕೆಲಸದ ಮೇಲೆ ಬೆಂಗಳೂರಿಗೆ ಹೋದ ರಾತ್ರಿ ನೀನು ಮಗುವಿನ ಜೊತೆ ಒಬ್ಬಳೇ. ಶಾಲೆಯ ವ್ಯಾನು ಅಲ್ಲಿಯವರೆಗೆ ಬರುತ್ತಾ? ಜ್ವರ ಬಂದರೆ ರಾತ್ರಿ ಆಟೊ ಸಿಗುತ್ತಾ? ಇದನ್ನು ಯೋಚಿಸುತ್ತಾ ಇದ್ದರೆ ನನಗೆ ನಿದ್ದೆ ಬರುವುದಿಲ್ಲ.

ಅದಕ್ಕೆ ನಾನು ಮತ್ತು ನಿಮ್ಮಪ್ಪ ಮಾತಾಡಿಕೊಂಡು ಒಂದು ದಾರಿ ಯೋಚಿಸಿದ್ದೇವೆ. ಹೊಚ್ಚ ಹೊಸದೂ ಬೇಡ, ತೀರಾ ಹಳೆಯದೂ ಬೇಡ. ಹತ್ತು ಹದಿನೈದು ವರ್ಷದ ಹಿಂದೆ ಆದ ಬಡಾವಣೆಗಳನ್ನು ನೋಡೋಣ. ಆಗ ಕೊಂಡು ಕಟ್ಟದೆ ಬಿಟ್ಟವರ ಸೈಟುಗಳು ಅಲ್ಲಿ ಈಗಲೂ ಮಾರಾಟಕ್ಕೆ ಬರುತ್ತವೆ. ಅಲ್ಲಿ ರಸ್ತೆ, ಚರಂಡಿ, ಕರೆಂಟು ಆಗಿರುತ್ತೆ. ನೀರು ಬರುತ್ತಾ ಇಲ್ಲವಾ ಅಂತ ಪಕ್ಕದ ಮನೆಯವರನ್ನೇ ಕೇಳಬಹುದು. ಎರೆ ನೆಲದ ಗೋಡೆ ಹತ್ತು ಮಳೆಗಾಲ ಹೇಗೆ ತಡೆದಿದೆ ಅಂತ ಅವರ ಕಾಂಪೌಂಡ್ ನೋಡಿದರೆ ಗೊತ್ತಾಗುತ್ತೆ. ಬೆಲೆ ಸ್ವಲ್ಪ ಜಾಸ್ತಿ ಹೇಳುತ್ತಾರೆ, ನಿಜ. 30-40 ಅಡಿಯ ಸೈಟಿನ ಬದಲು ಸ್ವಲ್ಪ ಚಿಕ್ಕ ಸೈಟು ತಗೊಂಡರೂ ಪರವಾಗಿಲ್ಲ. ಕಣ್ಣೆದುರು ಇರುವುದಕ್ಕೆ ಆ ಹೆಚ್ಚಿನ ಹಣ ಕೊಟ್ಟರೆ ನನಗೆ ಬೇಸರವಿಲ್ಲ.

ಅಂಥದ್ದು ಸಿಗದಿದ್ದರೆ ನೀನು ನೋಡಿರುವ ಬಡಾವಣೆಯನ್ನೇ ಮತ್ತೆ ನೋಡೋಣ. ರೇರಾ ನಂಬರ್ ಬಂದು, ಒಳಚರಂಡಿ ಮತ್ತು ನೀರಿನ ಕೆಲಸ ಮುಗಿದು, ಸೈಟು ಬಿಡುಗಡೆ ಆದ ಮೇಲೆ. ಅಷ್ಟರಲ್ಲಿ ರೇಟು ಏರಿದರೆ ಏರಲಿ.

ಸೈಟು ಯಾವುದೇ ಆಗಲಿ, ಕ್ರಯಪತ್ರದಲ್ಲಿ ನಿನ್ನ ಹೆಸರು ಇರಬೇಕು. ಇಬ್ಬರ ಹೆಸರೂ ಇರಲಿ, ಸಂತೋಷ. ಅಳಿಯಂದಿರು ಒಳ್ಳೆಯವರು, ಅವರ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ನಿನ್ನ ಸಂಬಳದ ದುಡ್ಡು ಅದರಲ್ಲಿದೆ. ಹಾಗಾಗಿ ನಿನ್ನ ಹೆಸರೂ ಅಲ್ಲಿರಬೇಕು.

ಈಗ ಮಾಡಬೇಕಾದದ್ದು ಇಷ್ಟು. ಏಜೆಂಟ್‌ಗೆ ಇವತ್ತೇ ಫೋನ್ ಮಾಡಿ ತಿಂಗಳ ಕೊನೆಗೆ ಹಣ ಕಟ್ಟುವುದಿಲ್ಲ ಅಂತ ಹೇಳು. ಸರ್ವೆ ನಂಬರ್ ಕೇಳಿ ನನಗೆ ವಾಟ್ಸಾಪ್ ಮಾಡು. ಪಹಣಿ, ಮ್ಯುಟೇಷನ್, ಇ.ಸಿ. (ಋಣಭಾರ ಪತ್ರ) ನಾನು ತೆಗೆಸಿ ಇಟ್ಟಿರುತ್ತೇನೆ. ಮುಂದಿನ ಸಲ ಬರುವಾಗ ಎರಡು ದಿನ ರಜೆ ಜಾಸ್ತಿ ಹಾಕಿಕೊಂಡು ಬಾ. ನಿನ್ನ ಸೋದರಮಾವನೂ ಬರುತ್ತಾನೆ, ಆ ಹತ್ತು ಹದಿನೈದು ವರ್ಷದ ಬಡಾವಣೆಗಳನ್ನೆಲ್ಲ ಒಂದು ಸುತ್ತು ಹಾಕೋಣ.

ಇಂತಿ,
ನಿನ್ನ ಅಮ್ಮ