ಪಕ್ಕವಾದ್ಯವಲ್ಲದ ಪಿಯಾನೋ

ಪ್ರಿಯ ಗೆಳೆಯ,

ನಿನ್ನ ಪತ್ರ ಬಂತು. ಕಛೇರಿ ಕಡಿಮೆ, ಪಾಠವೇ ಜಾಸ್ತಿ, ಯಾರಾದರೂ ಕರೆದರೂ ವಯೊಲಿನ್ ಜೊತೆ ಪಿಯಾನೋ ನುಡಿಸಲಿಕ್ಕೆ ಕರೆಯುತ್ತಾರೆ ಅಂತ ಬೇಜಾರು ಮಾಡಿಕೊಂಡಿದ್ದೀಯ. ಸಮಾಧಾನ ಹೇಳೋದು ನನಗೆ ಬರುವುದಿಲ್ಲ, ನಿನಗೇ ಗೊತ್ತು. ಅದರ ಬದಲು ಪಿಯಾನಿಸ್ಟ್ ಮೆನಹೆಮ್ ಪ್ರೆಸ್ಲರ್ ಬಗ್ಗೆ ಬರೆಯುತ್ತೇನೆ, ಸುಮ್ನೆ ಓದು.

ಪ್ರೆಸ್ಲರ್ ಹುಟ್ಟಿದ್ದು 1923ರಲ್ಲಿ, ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ. ಯಹೂದಿ ಮನೆತನ, ಅಪ್ಪನದು ಬಟ್ಟೆ ಅಂಗಡಿ. 1938ರ ನವೆಂಬರ್‌ನಲ್ಲಿ ನಾಜಿಗಳು ಯಹೂದಿಗಳ ಮೇಲೆ ಮುಗಿಬಿದ್ದ ರಾತ್ರಿ ಆ ಅಂಗಡಿಯೂ ಹಾಳಾಯಿತು. ಮರುವರ್ಷ ಮನೆಯವರು ಇಟಲಿ ಮೂಲಕ ಆಗಿನ ಪ್ಯಾಲೆಸ್ಟೈನ್‌ನ ಹೈಫಾ ಸೇರಿಕೊಂಡರು. ಹಿಂದೆ ಉಳಿದ ಅಜ್ಜ, ಅಜ್ಜಿ, ಎಷ್ಟೋ ಬಂಧುಗಳು ಬದುಕಲಿಲ್ಲ. ಹೊಸ ಊರಲ್ಲಿ ಹುಡುಗನಿಗೆ ಅನ್ನವೇ ಸೇರುತ್ತಿರಲಿಲ್ಲ. ಬಡಕಲಾಗಿ ಹೋಗಿದ್ದ. ಒಂದು ದಿನ ಪಾಠದಲ್ಲಿ ಬೇಥೋವನ್‌ನ ಓಪಸ್ 110 ಸೊನಾಟಾ ನುಡಿಸುವಾಗ ತಲೆಸುತ್ತಿ ಬಿದ್ದೇಬಿಟ್ಟನಂತೆ.

1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೆಬ್ಯುಸಿ ಪಿಯಾನೋ ಸ್ಪರ್ಧೆ ಗೆದ್ದರು. ಆಮೇಲೆ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ ನುಡಿಸಿದರು. ಒಬ್ಬರೇ ಮೆರೆಯುವ ದಾರಿ ಎದುರಿಗೇ ಇತ್ತು. ಆದರೆ 1955ರ ಜುಲೈನಲ್ಲಿ ವಯೊಲಿನ್‌ನ ಡೇನಿಯಲ್ ಗಿಲೆ, ಚೆಲ್ಲೋದ (ವಯೊಲಿನ್ ಜಾತಿಯದೇ, ದೊಡ್ಡದು, ತಗ್ಗು ದನಿಯದು) ಬರ್ನಾರ್ಡ್ ಗ್ರೀನ್‌ಹೌಸ್ ಜೊತೆ ಅಮೆರಿಕದ ಟ್ಯಾಂಗಲ್‌ವುಡ್ ಸಂಗೀತೋತ್ಸವದಲ್ಲಿ ನುಡಿಸಲು ಕೂತರು. ಬೋಜಾರ್ ಟ್ರಿಯೊ ಅನ್ನೋ ಮೂವರ ತಂಡ ಶುರುವಾಗಿದ್ದು ಹಾಗೆ. ಅದೇ ವರ್ಷ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಪಾಠ ಮಾಡಿ ಬರೋಣ ಅಂತ ಬ್ಲೂಮಿಂಗ್ಟನ್‌ಗೆ ಹೋದವರು ಅಲ್ಲೇ ಮನೆ ಮಾಡಿದರು. ಅರವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದರು. ಕಛೇರಿಗೆ ಊರೂರು ತಿರುಗೋದು, ಬಂದು ಮತ್ತೆ ಪಾಠಕ್ಕೆ ಕೂರೋದು. ನೀನು ಬೇರೆ ಬೇರೆ ಅಂದುಕೊಂಡಿರುವ ಎರಡು ಕೆಲಸವನ್ನೂ ಅವರು ಒಂದೇ ವರ್ಷ ಹಿಡಿದರು ನೋಡು.

ಟ್ರಿಯೊದಲ್ಲಿ ಪಿಯಾನೋ ಅಂದರೆ ನಮ್ಮವರಿಗೆ ಪಕ್ಕವಾದ್ಯ ಅನ್ನಿಸುತ್ತದೆ. ಅಲ್ಲ ಮಾರಾಯ. ಹೈಡನ್ ಈ ಮೂರು ವಾದ್ಯಗಳಿಗೆ ಬರೆದ ಟ್ರಿಯೊಗಳಲ್ಲಿ ಪಿಯಾನೋದ್ದೇ ಯಜಮಾನಿಕೆ, ಪಾಪದ ಚೆಲ್ಲೋ ಬಹುಪಾಲು ಪಿಯಾನಿಸ್ಟನ ಎಡಗೈಯನ್ನೇ ಹಿಂಬಾಲಿಸುತ್ತಿರುತ್ತದೆ. ತೊಂದರೆ ಬರೋದು ದನಿಯಲ್ಲಿ. ಈಗಿನ ದೊಡ್ಡ ಪಿಯಾನೋ ಕೈ ಬಿಟ್ಟು ನುಡಿಸಿದರೆ ಆ ಎರಡು ತಂತಿವಾದ್ಯಗಳೂ ಮುಳುಗಿಹೋಗುತ್ತವೆ. ತಗ್ಗಿಸಲೂ ಬೇಕು, ತಗ್ಗಿಸಿದರೂ ಜೀವ ಇರಬೇಕು. ಕಷ್ಟ ಇರೋದೇ ಅಲ್ಲಿ.

ಶೂಬರ್ಟ್‌ನ ಇ ಫ್ಲ್ಯಾಟ್ ಟ್ರಿಯೊದ ಎರಡನೇ ಭಾಗ ತಗೋ. ಮೊದಲು ಪಿಯಾನೋ ಒಂದೇ ಸಮನೆ ಹೆಜ್ಜೆ ಹಾಕುತ್ತದೆ, ಅದರ ಮೇಲೆ ಚೆಲ್ಲೋ ಹಾಡುತ್ತದೆ. ಆಮೇಲೆ ಅದೇ ಹಾಡು ಪಿಯಾನೋಗೆ ಬರುತ್ತದೆ, ಹೆಜ್ಜೆ ಹಾಕೋದು ತಂತಿಯವರ ಪಾಲಿಗೆ. ಹೆಜ್ಜೆ ಹಾಕುವಾಗ ಪ್ರೆಸ್ಲರ್ ಒಂದೂ ಸ್ವರವನ್ನು ಕಾಟಾಚಾರಕ್ಕೆ ಒತ್ತುವುದಿಲ್ಲ. ವಿಡಿಯೊದಲ್ಲಿ ನೋಡು, ಕೈ ಅದರ ಪಾಡಿಗೆ ಕೀಲಿಗಳ ಮೇಲಿದೆ, ಕುಳ್ಳ ಮನುಷ್ಯನ ಕತ್ತು ಮಾತ್ರ ಮತ್ತೆ ಮತ್ತೆ ಜೊತೆಯವರ ಕಡೆಗೆ ಹೊರಳುತ್ತದೆ. ಮುಂದೆ ಕೂತವರು ಪಿಯಾನಿಸ್ಟನನ್ನು ನೋಡಬೇಕಾದರೆ ತಿರುಗಬೇಕು. ಕಮಾನು ಯಾವಾಗ ತಂತಿ ಮುಟ್ಟುತ್ತದೆ ಅಂತ ಕಾಯೋದು ಹಿಂದೆ ಕೂತ ಇವರದೇ ಕೆಲಸ.

ಜೊತೆಯವರು ಬದಲಾಗುತ್ತಲೇ ಹೋದರು. ಗಿಲೆ ನಂತರ ಇಸಿಡೋರ್ ಕೊಹೆನ್, ಹೀಗೆ ಒಟ್ಟು ಐದು ಜನ ವಯೊಲಿನ್‌ಗೆ, ಮೂವರು ಚೆಲ್ಲೋಗೆ. ಪಿಯಾನೋಗೆ ಮಾತ್ರ 53 ವರ್ಷವೂ ಇವರೊಬ್ಬರೇ. ಪ್ರತಿ ಸಲ ಹೊಸಬರ ಜೊತೆ ಹಳೆಯ ಕೃತಿಗಳನ್ನೇ ಮತ್ತೆ ಮೊದಲಿಂದ ಕಟ್ಟಬೇಕು. ನನಗೆ ಇದು ಪಾಠ ಹೇಳೋದಕ್ಕಿಂತ ಬೇರೆ ಅನ್ನಿಸುವುದೇ ಇಲ್ಲ.

2008ರಲ್ಲಿ ಟ್ರಿಯೊ ಮುಗಿಯಿತು. ಆಗ ಅವರಿಗೆ 84. ಬೇರೆಯವರಾಗಿದ್ದರೆ ಮನೆಯಲ್ಲಿ ಕೂರುತ್ತಿದ್ದರು. ಇವರು ಒಬ್ಬರೇ ನುಡಿಸಲು ಹೊರಟರು! 2014ರ ಡಿಸೆಂಬರ್ 31ಕ್ಕೆ ಬರ್ಲಿನ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾ ಜೊತೆ, ಸೈಮನ್ ರ‍್ಯಾಟಲ್ ನಿರ್ದೇಶನದಲ್ಲಿ, ಮೊಜಾರ್ಟ್‌ನ 23ನೇ ಪಿಯಾನೋ ಕನ್ಚೆರ್ಟೊ (ಪಿಯಾನೋ, ಆರ್ಕೆಸ್ಟ್ರಾ ಎರಡಕ್ಕೂ ಬರೆದ ಕೃತಿ) ನುಡಿಸಿದರು. ವಯಸ್ಸು 91. ಬೆರಳಿನ ವೇಗ ತಗ್ಗಿತ್ತು, ನಿಜ. ಆದರೆ ಆ ನಿಧಾನದ ಭಾಗದಲ್ಲಿ ವೇಗ ಯಾರಿಗೆ ಬೇಕು ಹೇಳು. 2023ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ತೀರಿಕೊಂಡರು, 99ನೇ ವಯಸ್ಸಿನಲ್ಲಿ.

ನಿನ್ನನ್ನು ಕರೆದ ಆ ವಯೊಲಿನ್‌ನವರಿಗೆ ಬರುತ್ತೇನೆ ಅಂತ ಹೇಳಿಬಿಡು. ಅದಕ್ಕೆ ಮೊದಲು ಶೂಬರ್ಟ್ ಕೇಳಿ ಫೋನ್ ಮಾಡು. ಬೋಜಾರ್‌ನವರ ಯಾವ ರೆಕಾರ್ಡಿಂಗ್ ಅಂತ ಜಗಳ ಆಡೋಣ. ಚೆಲ್ಲೋದಲ್ಲಿ ಗ್ರೀನ್‌ಹೌಸ್ ಇರಲೇಬೇಕು, ಅದರಲ್ಲಿ ಮಾತ್ರ ನನ್ನ ಹತ್ತಿರ ರಾಜಿ ಇಲ್ಲ.

ನಿನ್ನ ಗೆಳೆಯ