ಎರಡು ಅರಿವೆಯ ಲೆಕ್ಕ

ಬರ್ಮಿಂಗ್‌ಹ್ಯಾಮ್,
ನವೆಂಬರ್ 16

ಪ್ರೀತಿಯ ಅವ್ವನಿಗೆ ನಮಸ್ಕಾರ.

ನಾನು ಆರಾಮಿದ್ದೇನೆ. ಚಳಿ ಜಾಸ್ತಿ, ಸಂಜೆ ನಾಲ್ಕಕ್ಕೇ ಕತ್ತಲು. ನೀನು ಕಟ್ಟಿಕೊಟ್ಟ ಕರದಂಟು ಮುಗಿಯಿತು, ಅರ್ಧ ತಿಂದವರು ನನ್ನ ಜೊತೆಗಿರುವ ಹುಡುಗಿಯರು. ಈಗ ಹೇಳುವುದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆಯಿಗೆ ಫೋನಿನಲ್ಲಿ ಕೇಳಿಸುವುದಿಲ್ಲ, "ಊಟ ಆತೇನು" ಅಂತ ಕೇಳಿ ನಿನ್ನ ಕೈಗೆ ಕೊಟ್ಟುಬಿಡುತ್ತಾಳೆ. ಇದು ಅವಳ ವಿಷಯ. ತಮ್ಮನನ್ನು ಅವಳ ಪಕ್ಕ ಕೂರಿಸಿ ನಿಧಾನಕ್ಕೆ ಓದಿಸು.

ಹೋದ ವಾರ ಕ್ಲಾಸಿನಲ್ಲಿ ನಮ್ಮ ಮೇಡಂ ಒಂದು ಆಟ ಆಡಿಸಿದರು. ನಾಲ್ಕು ಮೇಜು. ಒಂದರ ಮೇಲೆ ತೋಯ್ದ ಬಟ್ಟೆ, ಒಂದರ ಮೇಲೆ ಪ್ಯಾಡು, ಒಂದರಲ್ಲಿ ಬೇಸಿನ್, ಇನ್ನೊಂದರ ಕೆಳಗೆ ನೆಲದ ಮೇಲೇ ಚೆಲ್ಲಿದ್ದು. ಎಲ್ಲಾ ಕೆಂಪು ಬಣ್ಣದ ನೀರು. ಹೆರಿಗೆಯಾದವಳ ರಕ್ತ ಅಂದುಕೊಂಡು ಎಷ್ಟು ಅಂತ ಬರೆಯಬೇಕು. ನಾನು ಐದು ವರ್ಷ ಲೇಬರ್ ವಾರ್ಡಿನಲ್ಲಿ ಇದ್ದವಳು, ಧೈರ್ಯವಾಗಿ ಬಟ್ಟೆಗೆ 400 ಮಿಲಿ ಅಂತ ಬರೆದೆ. ಇದ್ದದ್ದು 900. ಅಂದರೆ ಎರಡು ಹಾಲಿನ ಪಾಕೀಟಿನ ಹತ್ತಿರ ಹತ್ತಿರ. ನನಗೆ ಕಂಡದ್ದು ಒಂದು ಪಾಕೀಟೂ ಇಲ್ಲ! ಐದು ವರ್ಷ ಚೀಟಿಯಲ್ಲಿ ಬರೆದ ಅಂದಾಜುಗಳೆಲ್ಲ ಕಣ್ಣ ಮುಂದೆ ಬಂದವು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬಟ್ಟೆ ಹೀರಿದ ರಕ್ತ ಕಣ್ಣಿಗೆ ಕಡಿಮೆಯೇ ಕಾಣುತ್ತದಂತೆ. ಹೆರಿಗೆಯ ನಂತರ ಅರ್ಧ ಲೀಟರ್ ಹೋದರೆ ಅದು ಅಪಾಯ ಅಂತ ಪುಸ್ತಕದಲ್ಲಿದೆ. ಆದರೆ ಅರ್ಧ ಲೀಟರ್ ಹೋಯಿತು ಅಂತ ಗೊತ್ತಾಗುವುದು ಹೇಗೆ?

ಆಮೇಲೆ ಮೇಡಂ ಒಂದು ಪ್ಲಾಸ್ಟಿಕ್ ಹಾಳೆ ತೋರಿಸಿದರು. ಬಾಣಂತಿಯ ಕೆಳಗೆ ಹಾಸುವುದು. ತುದಿಯಲ್ಲಿ ಕೊಳವೆ ಥರ ಇಳಿಬಿದ್ದ ಚೀಲ, ಅದರ ಮೇಲೆ ಮಿಲಿ ಲೆಕ್ಕದ ಗೆರೆಗಳು. ಇಂಥದ್ದು ಮೊದಮೊದಲು ತಯಾರಾದದ್ದು ಎಲ್ಲಿ ಗೊತ್ತಾ ಅವ್ವ? ನಮ್ಮ ಬೆಳಗಾವಿಯಲ್ಲಿ! ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ ಮಾಡಿದ್ದು. 2002ರಿಂದ 2005ರವರೆಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಹೆರಿಗೆಯಲ್ಲಿ ಇದರಿಂದಲೇ ರಕ್ತ ಅಳೆದರು. ಹೆರಿಗೆ ಮಾಡಿಸಿದವರು ಊರೂರಿನ ನರ್ಸಮ್ಮಗಳು. ಅರ್ಧ ಜನಕ್ಕೆ ಗರ್ಭಕೋಶ ಬಿಗಿಯಾಗಿಸಿ ರಕ್ತ ಕಡಿಮೆ ಮಾಡುವ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಔಷಧವಿಲ್ಲದ ಗುಳಿಗೆ ತಗೊಂಡವರಲ್ಲಿ ನೂರಕ್ಕೆ 12 ಜನಕ್ಕೆ ವಿಪರೀತ ರಕ್ತ ಹೋಯಿತು, ಮಿಸೊಪ್ರೊಸ್ಟಾಲ್ ತಗೊಂಡವರಲ್ಲಿ ನೂರಕ್ಕೆ 6.4. ಕಣ್ಣಂದಾಜು ಚೀಲದ ಅಳತೆಗಿಂತ ಮೂರನೇ ಒಂದು ಪಾಲು ಕಡಿಮೆ ಬರುತ್ತದೆ ಅಂತ ತೋರಿಸಿದವರೂ ಅವರೇ. ಗೋಕಾಕದಿಂದ ಬಸ್ಸಿನಲ್ಲಿ ಎಷ್ಟೋ ಸಲ ಆ ಊರಿಗೆ ಹೋಗಿ ಬಂದಿದ್ದೇನೆ. ಇದು ಗೊತ್ತಾಗಲು ಇಲ್ಲಿಗೇ ಬರಬೇಕಾಯಿತು, ನೋಡು.

ಇಲ್ಲಿಯ ಯೂನಿವರ್ಸಿಟಿಯವರು ಅಂಥದ್ದೇ ಹಾಳೆ ಇಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದಲ್ಲಿ ದೊಡ್ಡ ಅಧ್ಯಯನ ಮಾಡಿದರು, ಎರಡು ಲಕ್ಷಕ್ಕೂ ಜಾಸ್ತಿ ಹೆಂಗಸರು. 2023ರಲ್ಲಿ ಫಲಿತಾಂಶ ಬಂತು. ಮೊದಲು ಏನಾಗುತ್ತಿತ್ತು ಅಂದರೆ ಒಂದು ಔಷಧ ಕೊಡುವುದು, ಕಾಯುವುದು, ನಿಲ್ಲದಿದ್ದರೆ ಇನ್ನೊಂದು. ನಮ್ಮಲ್ಲೂ ಹಾಗೇ. ಇವರು ಚೀಲದ ಗೆರೆ ನೋಡಿ, ಗರ್ಭಕೋಶ ನೀವುವುದು, ಅದು ಬಿಗಿಯಾಗಲು ಇಂಜೆಕ್ಷನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ರಕ್ತ ಎಲ್ಲಿಂದ ಬರುತ್ತಿದೆ ಅಂತ ತಪಾಸಣೆ, ಎಲ್ಲಾ ಒಟ್ಟಿಗೇ ಶುರು ಮಾಡಿದರು. ರಕ್ತ ಒಂದು ಲೀಟರ್ ದಾಟುವುದು, ಅದನ್ನು ನಿಲ್ಲಿಸಲು ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಇವೆಲ್ಲ ಸೇರಿ ಹಳೇ ರೀತಿಯ ಆಸ್ಪತ್ರೆಗಳಲ್ಲಿ ನೂರಕ್ಕೆ 4.3, ಹೊಸ ರೀತಿಯವುಗಳಲ್ಲಿ 1.6. ಹೊಸ ಔಷಧ ಒಂದೂ ಇಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಜಪಾನಿನ ಉತಾಕೊ ಒಕಾಮೊಟೊ ಅನ್ನುವ ಡಾಕ್ಟರಮ್ಮ ಗಂಡನ ಜೊತೆ 1960ರ ದಶಕದಲ್ಲೇ ಕಂಡುಹಿಡಿದದ್ದು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳಂತೆ. ಬಾಣಂತಿಯರ ಮೇಲೆ ಪರೀಕ್ಷೆ ಮಾಡಿ ಅಂದರೆ ಅಲ್ಲಿಯ ಡಾಕ್ಟರರು ಒಪ್ಪಲಿಲ್ಲ. ಅದರಿಂದ ಬಾಣಂತಿಯರು ಬದುಕುತ್ತಾರೆ ಅಂತ ಗಟ್ಟಿಯಾದದ್ದು 2017ರಲ್ಲಿ. ಅವಳು 2016ರಲ್ಲೇ ತೀರಿಕೊಂಡಿದ್ದಳು. ನನಗೆ ಇದು ಓದಿ ಸಿಟ್ಟೇ ಬಂತು.

ಈಗ ಆಯಿಯ ವಿಷಯ. ನನ್ನ ಕ್ಲಾಸಿನ ಟಾಂಜಾನಿಯಾದ ಗೆಳತಿ ಒಂದು ಮಾತು ಹೇಳಿದಳು. ಅವರಲ್ಲಿ ಹೆಂಗಸರು ಉಡುವ ಬಟ್ಟೆಗೆ ಕಾಂಗಾ ಅನ್ನುತ್ತಾರೆ, ಎಲ್ಲಾ ಒಂದೇ ಅಳತೆ. ಎರಡು ಕಾಂಗಾ ಪೂರ್ತಿ ತೋಯ್ದರೆ ಅರ್ಧ ಲೀಟರ್ ದಾಟಿತು ಅಂತ ಲೆಕ್ಕ. ಅಳೆದು ನೋಡಿ ಅಲ್ಲಿಯ ಸೂಲಗಿತ್ತಿಯರಿಗೆ ಅದನ್ನೇ ಕಲಿಸಿದ್ದರಂತೆ.

ಕೇಳುತ್ತಲೇ ಚಿಕ್ಕವ್ವನ ಹೆರಿಗೆ ನೆನಪಾಯಿತು. ನೀನೇ ಎಷ್ಟು ಸಲ ಹೇಳಿದ್ದೀಯ. ಓಣಿಯ ಹೆಂಗಸರೆಲ್ಲ "ಕೆಟ್ಟ ರಕ್ತ, ಹೋಗ್ಲಿ ಬಿಡ್ರಿ" ಅಂದಾಗ ಹೆರಿಗೆ ಮಾಡಿಸುತ್ತಿದ್ದ ಆಯಿ ಹೊರಗೆ ಬಂದು "ಎರಡು ಅರಿವಿ ತೊಯ್ದುವು, ಗಾಡಿ ಹೂಡ್ರಿ" ಅಂದದ್ದು. ನಾನು ನರ್ಸಿಂಗ್ ಓದುವಾಗ ಆ ಲೆಕ್ಕಕ್ಕೆ ನಕ್ಕಿದ್ದೆ. ಅರಿವಿ ಎಣಿಸಿ ಯಾರಾದರೂ ರಕ್ತ ಅಳೆಯುತ್ತಾರಾ ಆಯಿ ಅಂತ. ಅವಳು ಏನೂ ಅನ್ನಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು. ತಪ್ಪಾಯಿತು ಅಂತ ಹೇಳು. ತಮ್ಮ ಇದನ್ನು ಜೋರಾಗಿ ಓದಲಿ.

ತಂಗಿಗೆ ಎಂಟು ತಿಂಗಳು ಆಯಿತಲ್ವಾ? ರಕ್ತ ಕಡಿಮೆ ಇರುವವಳಿಗೆ ಸ್ವಲ್ಪ ಹೋದರೂ ತಡೆದುಕೊಳ್ಳಲು ಆಗುವುದಿಲ್ಲ, ಅದಕ್ಕೆ ಹಿಮೋಗ್ಲೋಬಿನ್ ಇನ್ನೊಮ್ಮೆ ನೋಡಿಸು. ಕಬ್ಬಿಣದ ಗುಳಿಗೆ ತಗೊಂಡರೆ ಮಲ ಕಪ್ಪಗಾಗುತ್ತದೆ ಅಂತ ಅವಳು ಬಿಟ್ಟಿರುತ್ತಾಳೆ, ನನಗೆ ಗೊತ್ತು. ಹೆರಿಗೆ ರಕ್ತ ಸಿಗುವ ಆಸ್ಪತ್ರೆಯಲ್ಲೇ ಆಗಲಿ, ಮನೆ ಹತ್ತಿರ ಅಂತ ಬೇರೆ ಕಡೆ ಹೋಗಬೇಡಿ. ಹೆರಿಗೆಯಾದ ಮೊದಲ ದಿನ ನೀನು ಪಕ್ಕದಲ್ಲೇ ಇರು. ಪ್ಯಾಡು ಬೇಗ ಬೇಗ ತೋಯುತ್ತಿದ್ದರೆ ನಾಚಿಕೆ ಬಿಟ್ಟು ಸಿಸ್ಟರನ್ನು ಕೂಗು. ಬೈದರೂ ಪರವಾಗಿಲ್ಲ.

ಆಯಿಗೆ ಒಂದು ಪ್ರಶ್ನೆ ಇದೆ. ಅವಳ ಅರಿವೆ ಎಷ್ಟು ಮೊಳದ್ದು? ಹಳೇ ಸೀರೆಯನ್ನು ಎಷ್ಟು ತುಂಡು ಹರಿಯುತ್ತಿದ್ದಳು, ಎರಡೋ ನಾಲ್ಕೋ? ನನ್ನ ಗೆಳತಿ ಕೇಳಿದಳು, ನನಗೆ ಹೇಳಲು ಬರಲಿಲ್ಲ. ತಮ್ಮ ಅವಳ ಕೈಯಿಂದಲೇ ಮೊಳ ಹಾಕಿಸಿ, ಟೇಪು ಹಿಡಿದು ಬರೆದು ಕಳಿಸಲಿ.

ನಿನ್ನ ಮಗಳು