ಎಸ್‌ಬಿ 4 ಕಾನೂನು: ಕಾಗದಪತ್ರಗಳು ಮತ್ತು ಭಾನುವಾರದ ಸಭೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಆಸ್ಟಿನ್ ಪೊಲೀಸರು ವೀಸಾ ವಿಚಾರ ಕೇಳುವಂತಿಲ್ಲ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ, ಅದು ಸರಿಯಲ್ಲ. 2017ರಲ್ಲಿ ಗವರ್ನರ್ ಗ್ರೆಗ್ ಅಬಾಟ್ ಸಹಿ ಹಾಕಿದ ಟೆಕ್ಸಾಸ್ ರಾಜ್ಯದ ಎಸ್‌ಬಿ 4 (ಸೆನೆಟ್ ಬಿಲ್ 4) ಕಾನೂನಿನ ಪ್ರಕಾರ, ಬಂಧಿತರ ಅಥವಾ ಕಾನೂನುಬದ್ಧವಾಗಿ ತಡೆದು ನಿಲ್ಲಿಸಿದವರ ವಲಸೆ ಸ್ಥಿತಿಯನ್ನು ವಿಚಾರಿಸದಂತೆ ಯಾವ ನಗರವೂ ಕೌಂಟಿಯೂ ತನ್ನ ಪೊಲೀಸರನ್ನು ನಿರ್ಬಂಧಿಸುವಂತಿಲ್ಲ, ಮತ್ತು ವಲಸೆ ಇಲಾಖೆ ಕಳಿಸುವ ಡಿಟೇನರ್ ಕೋರಿಕೆಗಳನ್ನು (ಬಂಧಿತರನ್ನು ವಲಸೆ ಅಧಿಕಾರಿಗಳು ಬರುವವರೆಗೆ ಹಿಡಿದಿಡಿ ಎಂಬ ಕೋರಿಕೆ) ಜೈಲುಗಳು ಪಾಲಿಸಬೇಕು. ಆಸ್ಟಿನ್, ಸ್ಯಾನ್ ಆಂಟೋನಿಯೊ ಮೊದಲಾದ ನಗರಗಳು ಇದರ ವಿರುದ್ಧ ಕೋರ್ಟಿಗೆ ಹೋದರೂ, 2018ರ ಮಾರ್ಚ್‌ನಲ್ಲಿ ಟೆಕ್ಸಾಸ್ ಸೇರುವ ಐದನೇ ಸರ್ಕ್ಯೂಟ್‌ನ ಒಕ್ಕೂಟ ಮೇಲ್ಮನವಿ ನ್ಯಾಯಾಲಯವು ಕಾನೂನಿನ ಬಹುಭಾಗವನ್ನು ಎತ್ತಿಹಿಡಿಯಿತು.

ಒಂದು ಮಾತನ್ನು ಒತ್ತಿ ಹೇಳಬೇಕು. ಅಪರಾಧಕ್ಕೆ ಗುರಿಯಾದವರನ್ನೂ ಸಾಕ್ಷಿಗಳನ್ನೂ ತನಿಖೆಗೆ ಅಗತ್ಯವಿಲ್ಲದೆ ಈ ಪ್ರಶ್ನೆ ಕೇಳಬಾರದೆಂದು ಇದೇ ಕಾನೂನು ಹೇಳುತ್ತದೆ. ಆದ್ದರಿಂದ ಕಳ್ಳತನವಾಗಲಿ, ಮನೆಯೊಳಗಿನ ಹೊಡೆತ ಬಡಿತವಾಗಲಿ, ವೀಸಾ ನೆನೆದು ಸುಮ್ಮನಿರದೆ 911ಕ್ಕೆ ಕರೆ ಮಾಡಿ.

ಊರಿನಿಂದ ಬಂದಿರುವ ತಂದೆತಾಯಿಯರ ಐ-94 (ಅಮೆರಿಕಕ್ಕೆ ಬಂದ ದಿನ ಮತ್ತು ಇಲ್ಲಿ ಇರಬಹುದಾದ ಕೊನೆಯ ದಿನ ತೋರಿಸುವ ದಾಖಲೆ) ಪ್ರತಿಯನ್ನು ಈಗಲೇ ಮುದ್ರಿಸಿ, ಅದರಲ್ಲಿರುವ ಕೊನೆಯ ದಿನಾಂಕವನ್ನು ನೋಡಿಕೊಳ್ಳಿ. ವೀಸಾ ಮುದ್ರೆಯ ದಿನಾಂಕವೇ ಬೇರೆ. ಗ್ರೀನ್ ಕಾರ್ಡ್ ಇರುವ ವಯಸ್ಕರು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬುದು ಒಕ್ಕೂಟ ಸರ್ಕಾರದ ನಿಯಮ.

ಬರುವ ಭಾನುವಾರ ಸಂಜೆ 5 ಗಂಟೆಗೆ ವಲಸೆ ವಕೀಲರೊಬ್ಬರು ಜೂಮ್‌ನಲ್ಲಿ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲಿದ್ದಾರೆ. ಬರುವವರು ಶುಕ್ರವಾರದೊಳಗೆ ಇಲ್ಲಿ ತಿಳಿಸಿ. ವೈಯಕ್ತಿಕ ವಿವರಗಳಿರುವ ಪ್ರಶ್ನೆಗಳನ್ನು ಗುಂಪಿನಲ್ಲಿ ಹಾಕದೆ ದಯವಿಟ್ಟು ನನಗೆ ನೇರವಾಗಿ ಕಳಿಸಿ.